ಘಾಟಿ ಇವತ್ತು ತೆರೆಯಲ್ಲ ಎಂದ ಹೋಟೆಲ್ ಅಕ್ಕ

ಹೋಟೆಲ್ ಅಕ್ಕನ ಹಣೆಯ ವಿಭೂತಿ ಬೆಳಗಿನ ತಿಂಡಿ ಮುಗಿಯುವ ತನಕ ಉಳಿಯುತ್ತಿರಲಿಲ್ಲ. ಕಡುಬಿನ ಪಾತ್ರೆಯ ಮುಚ್ಚಳ ತೆಗೆದಾಗಲೆಲ್ಲ ಹಬೆ ಮುಖಕ್ಕೆ ಹೊಡೆದು ಗೆರೆಗಳು ಕರಗಿ ಹುಬ್ಬಿಗೆ ಇಳಿಯುತ್ತಿದ್ದವು. ಅವಳು ಸೆರಗಿನಿಂದ ಒಮ್ಮೆ ಒರೆಸಿಕೊಂಡು, ಬೆಳ್ಳಗಾದ ಹುಬ್ಬಿನಲ್ಲೇ ಗಿರಾಕಿಗಳ ಜೊತೆ ಮಾತಿಗೆ ನಿಲ್ಲುತ್ತಿದ್ದಳು.

ಅವಳಿಂದ ಕಲಿತದ್ದು ನನಗೆ ಎಷ್ಟಕ್ಕೆ ಬಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ. ಬೆಲೆ ಮುಚ್ಚಿಟ್ಟು ಮಾತಾಡುವವಳಲ್ಲ ನಾನು. ಕೈಗೆ ಬಂದಿದ್ದ ಒಂದು ಕೆಲಸ ಹೋಯಿತು. ಅದನ್ನು ಹುಡುಕಿಕೊಟ್ಟಿದ್ದ ಚಿಕ್ಕಪ್ಪ ಬಹಳ ಕಾಲ ಮಾತು ಬಿಟ್ಟರು. ಕಾರಣ ಇಷ್ಟೇ, ಒಂದು ಪ್ರಶ್ನೆಯನ್ನು ಕೇಳುವ ಹೊತ್ತಿಗೆ ಕೇಳಲಿಲ್ಲ.

ದೋಣಿಗಲ್‌ನಲ್ಲಿ, ಸಕಲೇಶಪುರ ದಾಟಿ ಹೆದ್ದಾರಿ ಘಾಟಿಗೆ ಇಳಿಯುವ ಕಡೆ ಅವಳ ಹೋಟೆಲ್ ಇತ್ತು. ನಮ್ಮ ಮನೆ ಮೇಲಿನ ಗುಡ್ಡದಲ್ಲಿ, ಅಲ್ಲಿ ಸಿಗ್ನಲ್ ಇಲ್ಲ. ಡಿಗ್ರಿ ಮುಗಿಸಿದ ಮೇಲೆ ಪ್ರವಾಸದ ಬುಕಿಂಗ್ ಮಾಡುವ ಕಂಪನಿಯೊಂದರಲ್ಲಿ ನನಗೆ ಇಂಟರ್ನ್‌ಶಿಪ್ ಸಿಕ್ಕಿತ್ತು. ಆಫೀಸಿನ ಮುಖ ನೋಡುವುದೇ ಬೇಕಿಲ್ಲ, ಎಲ್ಲವೂ ಲ್ಯಾಪ್‌ಟಾಪಿನಲ್ಲೇ. ಅಕ್ಕನ ಹತ್ತಿರ ಹೋಗಿ ಮೂಲೆಯ ಮೇಜು ಕೇಳಿದೆ.

"ಮೇಜು ತಗೋ. ಊಟದ ಟೈಮಲ್ಲಿ ಗಿರಾಕಿ ಬಂದ್ರೆ ಎದ್ದು ನಿಂತ್ಕೊಂಡು ಕೆಲಸ ಮಾಡ್ಬೇಕು."

"ಪ್ಲಗ್ ಪಾಯಿಂಟೂ ಬೇಕು ಅಕ್ಕ."

"ಹಂಗಾದ್ರೆ ದಿನಾ ಬೋರ್ಡ್ ಮೇಲೆ ತಿಂಡಿ ಹೆಸರು ಬರೆದುಕೊಡು. ನನ್ನ ಅಕ್ಷರ ಓದಿ ಜನ ಪಕ್ಕದ ಹೋಟ್ಲಿಗೆ ಹೋಯ್ತಾರೆ."

ಒಪ್ಪಂದವಾಯಿತು. ಲಾರಿಗಳ ಹಾರ್ನ್ ನಡುವೆ ದೂರದ ಊರಿನ ಗಿರಾಕಿಗಳ ದೂರು ಕೇಳುತ್ತಾ, ಅವರಿಗೆ ರೂಮು ಬದಲಿಸಿಕೊಡುತ್ತಾ ಆ ಮೂಲೆಯಲ್ಲಿ ಕೂತೆ.

ಮಳೆಗಾಲದಲ್ಲಿ ಮಣ್ಣು ಜರಿದು ಘಾಟಿ ಮುಚ್ಚುತ್ತಿತ್ತು. ಗಾಡಿಗಳು ಸಾಲುಗಟ್ಟಿದರೆ ಉಳಿದ ಅಂಗಡಿಯವರಿಗೆ ಹಬ್ಬ: "ಇನ್ನೇನು ಬಿಡ್ತಾರೆ, ಬನ್ನಿ ಕೂತ್ಕೊಳ್ಳಿ." ಅಕ್ಕ ಮಾತ್ರ ತಲೆಗೆ ಪ್ಲಾಸ್ಟಿಕ್ ಗೊಪ್ಪೆ ಹಾಕಿಕೊಂಡು ಪೊಲೀಸರನ್ನು ವಿಚಾರಿಸಿ ಬಂದು, ಕಾರಿನ ಕಿಟಕಿ ಕಿಟಕಿಗೂ ಹೇಳುತ್ತಿದ್ದಳು: "ಇವತ್ತು ಬಿಡಲ್ಲ ಕಣ್ರೀ. ತಿರುಗಿಸ್ಕೊಂಡು ಬಿಸಿಲೆ ಘಾಟಿ ಮೇಲೆ ಇಳೀರಿ."

"ಕೂತಿದ್ರೆ ನಿನಗೇ ವ್ಯಾಪಾರ ಅಲ್ವಾ ಅಕ್ಕ?" ಅಂದೆ ಒಮ್ಮೆ.

"ಕಾಯಿಸಿ ಉಣ್ಸಿದ್ರೆ ಬಯ್ಕೊಂಡೇ ಉಣ್ತಾರೆ. ಇಲ್ಲ ಅಂತ ಹೇಳಿ ಕಳ್ಸಿದೋರು ಮುಂದಿನ ಸಲ ನನ್ನ ಹೋಟ್ಲೇ ಹುಡುಕ್ತಾರೆ ಕಣೇ."

ಇನ್ನೊಂದು ಅಭ್ಯಾಸ ಅವಳಿಗಿತ್ತು. ತರಕಾರಿ ಗಾಡಿಯವನು ಟೊಮೆಟೊ ಬೆಲೆ ಇಳಿಸಲ್ಲ ಎಂದು ಗಟ್ಟಿಯಾಗಿ ಹೇಳಿದರೆ ಜಗಳ ತೆಗೆಯುತ್ತಿರಲಿಲ್ಲ. "ಆಯ್ತು, ಬ್ಯಾಡ ಬುಡು. ಕರಿಬೇವು ಹಾಕು." ಇಲ್ಲ ಅಂದ ಮುಜುಗರದಲ್ಲಿ ಅವನು ಕೈತುಂಬ ಹಾಕುತ್ತಿದ್ದ.

ಇಂಟರ್ನ್‌ಶಿಪ್ ಮುಗಿದ ದಿನ ಮ್ಯಾನೇಜರ್ ಮೇಡಂ ಪರದೆಯ ಮೇಲೆ ನಕ್ಕು ಹೇಳಿದರು: "ತುಂಬ ಚೆನ್ನಾಗಿ ಮಾಡಿದೀಯ. ನೀನೀಗ ನಮ್ಮ ಟೀಮಿನವಳೇ. ಮುಂದಿನದು ನಾವೇ ತಿಳಿಸ್ತೀವಿ."

ನಮ್ಮ ಕಡೆ ಮೆಣಸು ಕೊಳ್ಳಲು ಬಂದವರು ಒಂದು ಹಿಡಿ ತೆಗೆದು ಮೂಸಿ, ತಿರುಗಿ ಚೀಲಕ್ಕೇ ಹಾಕಿ "ಇದು ನಮ್ದೇ ಅಂದ್ಕೊಳ್ಳಿ" ಎಂದರೆ ಮುಗಿಯಿತು. ಆಮೇಲೆ ಇನ್ನೊಬ್ಬರಿಗೆ ಆ ಚೀಲ ಬಿಚ್ಚಿ ತೋರಿಸುವುದಿಲ್ಲ. ಮೇಡಂ ಮಾತನ್ನೂ ನಾನು ಹಾಗೇ ತಗೊಂಡೆ, ಚೀಲ ಕಟ್ಟಿಬಿಟ್ಟೆ. ಅದೇ ವಾರ ಚಿಕ್ಕಪ್ಪ ಸಕಲೇಶಪುರದ ಕಾಫಿ ಕ್ಯೂರಿಂಗ್ ಕಾರ್ಖಾನೆಯೊಂದರ ಆಫೀಸಿನಲ್ಲಿ ನನಗೊಂದು ಜಾಗ ಮಾತಾಡಿ ಬಂದರು. "ಸ್ವಲ್ಪ ತಡೀರಿ ಚಿಕ್ಕಪ್ಪ" ಎಂದೆ. ಮತ್ತೆ ಕೇಳಿದರು, ಮತ್ತೆ ತಡೀರಿ ಎಂದೆ. ಕೊನೆಗೆ ಅವರು ಹೇಳಿದ್ದು: "ಸೋಮವಾರದ ತನಕ ಕಾಯ್ತಾರಂತೆ. ಆಮೇಲೆ ನನ್ನ ಮರ್ಯಾದೆ ಹೋಯ್ತದೆ, ಅಷ್ಟೇ."

ಮೇಡಂಗೆ ಕಳಿಸಿದ ಮೆಸೇಜುಗಳಿಗೆಲ್ಲ ಓದಿದ ಗುರುತಿನ ನೀಲಿ ಟಿಕ್ ಬೀಳುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಇಂಟರ್ನ್‌ಶಿಪ್ ಮುಗಿದರೂ ದಿನಾ ಅದೇ ಮೇಜಿಗೆ ಬಂದು ಫೋನನ್ನು ಅಂಗಾತ ಇಟ್ಟು ಕೂರುತ್ತಿದ್ದೆ.

ಸೋಮವಾರ ಬೆಳಿಗ್ಗೆ ಘಾಟಿ ಮುಚ್ಚಿತು. ಅಕ್ಕ ನೆನೆದ ಗೊಪ್ಪೆಯಲ್ಲೇ ಒಳಗೆ ಬಂದು ನನ್ನ ಮೇಜಿನ ಮುಂದೆ ನಿಂತಳು.

"ಬಂತಾ ಉತ್ತರ?"

"ಅವರೇ ತಿಳಿಸ್ತೀವಿ ಅಂದಿದಾರೆ."

"ಹೊರಗಡೆ ಗಾಡಿಯೋರೂ ಹಂಗೇ ಅಂತಾವ್ರೆ, ಇನ್ನೇನು ಬಿಡ್ತಾರೆ ಅಂತ. ಫೋನ್ ಮಾಡಿ ಕೇಳು. ಐತಾ, ಇಲ್ವಾ."

"ಕೇಳಿದ್ರೆ ಬೇಜಾರು ಮಾಡ್ಕೊಂಡ್ರೆ?"

"ಕೊಡೋ ಮನಸ್ಸಿದ್ದೋರು ಕೇಳಿದ್ದಕ್ಕೆ ಕೊಡದೆ ಬುಡ್ತಾರಾ ಮಾರಾಯ್ತಿ? ಮಾಡು. ಇಲ್ಲ ಅಂದ್ರೆ ಫೋನ್ ಇಟ್ಬುಡಬ್ಯಾಡ. ಕರಿಬೇವು ಕೇಳು."

ಮಾಡಿದೆ. ಮೇಡಂ ಫೋನ್ ಎತ್ತಿದರು. ನೇರ ಕೇಳಿದೆ. "ಈ ವರ್ಷ ಯಾರನ್ನೂ ತಗೋತಾ ಇಲ್ಲಮ್ಮ. ಹೇಳ್ಬೇಕು ಅಂತಲೇ ಇದ್ದೆ..."

ಅಕ್ಕ ಎದುರಿಗೇ ನಿಂತು, ಕೇಳು ಎಂದು ಸೌಟು ಆಡಿಸುತ್ತಿದ್ದಳು. "ಹಾಗಾದರೆ ಮೇಡಂ, ನಾನು ಮಾಡಿದ ಕೆಲಸದ ಬಗ್ಗೆ ನಿಮ್ಮ ಹೆಸರಿನಲ್ಲಿ ಒಂದು ಪತ್ರ ಕೊಡಿ. ಬೇರೆಯವರು ವಿಚಾರಿಸಿದರೆ ನಿಮ್ಮ ನಂಬರ್ ಕೊಡಬಹುದಾ?" ಅವರ ದನಿ ಹಗುರಾಯಿತು. "ಅಯ್ಯೋ ಖಂಡಿತ, ಇವತ್ತೇ ಕಳಿಸ್ತೀನಿ."

ತಕ್ಷಣ ಚಿಕ್ಕಪ್ಪನಿಗೆ ಮಾಡಿದೆ. "ಬೆಳಿಗ್ಗೆನೇ ಬೇರೆ ಹುಡುಗಿ ಬಂದು ಕೂತ್ಬುಟ್ಲು. ಇನ್ ಯಾಕೆ ಫೋನು?" ಎಂದು ಕಟ್ ಮಾಡಿದರು.

ಅಕ್ಕ ಸಮಾಧಾನ ಹೇಳಲಿಲ್ಲ. "ಅಳೋದಾದ್ರೆ ಒಲೆ ಹತ್ರ ಹೋಗಿ ಅಳು, ಹೊಗೆ ಅಂದ್ಕೋತಾರೆ. ಆಮೇಲೆ ಬೇಗ ಬಾ. ಮಕ್ಕಳು ಮರಿ ಇಟ್ಕೊಂಡು ಜನ ನಿಂತವ್ರೆ, ರೂಮ್ ಕೇಳ್ತಾವ್ರೆ. ಇಷ್ಟು ದಿನ ಇದೇ ತಾನೇ ಮಾಡ್ತಿದ್ದೆ ಇಲ್ಲಿ ಕೂತ್ಕೊಂಡು?"

ಮೂಗು ಒರೆಸಿಕೊಂಡು ಬಂದೆ. ಸುತ್ತಮುತ್ತಲ ಹೋಂಸ್ಟೇಗಳಿಗೆ ಫೋನ್ ಹಚ್ಚಿದೆ, ಮಳೆಗಾಲದಲ್ಲಿ ರೂಮು ಖಾಲಿ ಬಿದ್ದಿದೆಯಲ್ಲ ಎಂದು ಚೌಕಾಸಿ ಮಾಡಿದೆ. ಕತ್ತಲಾಗುವುದರೊಳಗೆ ಅಷ್ಟೂ ಜನಕ್ಕೆ ಜಾಗವಾಯಿತು. ಅವತ್ತೇ ನನ್ನ ವ್ಯಾಪಾರ ಶುರುವಾಯಿತು ಎಂದರೆ ಸುಳ್ಳಾದೀತು. ಆಮೇಲೂ ಎಷ್ಟೋ ಹೋಂಸ್ಟೇಯವರು "ನೀನ್ಯಾರಮ್ಮ?" ಎಂದು ಬಾಗಿಲಲ್ಲೇ ನಿಲ್ಲಿಸಿದರು. ಆಗೆಲ್ಲ ತೋರಿಸಿದ್ದು ಮೇಡಂ ಕೊಟ್ಟ ಪತ್ರವನ್ನೇ. ಈಗ ಬಿಸಿಲೆವರೆಗಿನ ಹೋಂಸ್ಟೇಗಳಿಗೆ ಬುಕಿಂಗ್ ಹಿಡಿದುಕೊಡುವುದೇ ನನ್ನ ಜೀವನ.

ರಸ್ತೆ ಅಗಲವಾದಾಗ ಹೋಟೆಲ್ ಹೋಯಿತು. ಅಕ್ಕ ಪಾಳ್ಯದ ತಂಗಿ ಮನೆ ಸೇರಿದಳು. ಕಾಯಿಲೆ ಹೆಚ್ಚಿ ಆಸ್ಪತ್ರೆ ಸೇರಿದಾಗ ನಾನು ಪಕ್ಕದಲ್ಲಿದ್ದೆ. ಡಾಕ್ಟರು "ನೋಡೋಣಮ್ಮ, ಪ್ರಯತ್ನ ಮಾಡ್ತಾ ಇದೀವಿ" ಎಂದರು. ಅವಳು ಅವರ ಕೈ ಹಿಡಿದುಕೊಂಡಳು. "ಉಳೀತೀನಾ, ಇಲ್ವಾ? ನೇರ ಹೇಳಿ ಸಾರ್." ಅವರು ಇಲ್ಲವೆಂದು ತಲೆಯಾಡಿಸಿದರು. "ಹಂಗಾದ್ರೆ ಈ ಪೈಪು ತೆಗೆದು ಮನೆಗೆ ಕಳ್ಸಿ. ಬಿಸಿ ಕಡುಬು ತಿನ್ಬೇಕು." ಕಳಿಸಿದರು. ತಂಗಿ ಮಾಡಿದ ಕಡುಬಿಗೆ ಉಪ್ಪು ಕಮ್ಮಿ ಎಂದು ಬೈದೇ ತಿಂದಳು. ಆ ವಾರದಲ್ಲೇ ಹೋದಳು.

ನೀವು ಅಥವಾ ನಿಮ್ಮ ಮನೆಯ ಮಕ್ಕಳು ಇಂಥ ಕಂಪನಿಯ ಮಾತು ನಂಬಿ ಕಾಯುತ್ತಿದ್ದರೆ ಹೇಳುತ್ತೇನೆ, ಕೇಳಿ. ಹೊಗಳಿಕೆ ಕೆಲಸವಲ್ಲ. ಕಾಗದ ಕೈಗೆ ಬರುವ ತನಕ ಚೀಲದ ಬಾಯಿ ಕಟ್ಟಬೇಡಿ, ಬೇರೆ ಕಡೆ ತೋರಿಸುತ್ತಿರಿ. ಯಾವತ್ತು ಹೇಳುತ್ತೀರಿ ಎಂದು ಕೇಳಿ ದಿನ ಗೊತ್ತುಮಾಡಿಕೊಳ್ಳಿ, ಆ ದಿನ ದಾಟಿದರೆ ನೀವೇ ಫೋನ್ ಮಾಡಿ. ಇಲ್ಲ ಅಂದರೆ ಅಳು ನುಂಗಿಕೊಂಡು ಲೈನಿನಲ್ಲೇ ಇರಿ. ಕೊಡಲಾಗಲಿಲ್ಲವಲ್ಲ ಎಂಬ ಮುಜುಗರ ಆ ಕಡೆಯವರಿಗೆ ಇರುವುದು ಆ ಒಂದು ಗಳಿಗೆ ಮಾತ್ರ. ಕರಿಬೇವು ಕೇಳುವುದು ಆಗಲೇ.