ಎರಡು ಬೆರಳು ಬಟ್ಟೆ

ಓಣಿಗೆಲ್ಲ ಹೊಲಿಗೆ ದೊಡ್ಡಮ್ಮನೆಂದೇ ಹೆಸರಾದ ಈಕೆ ಏನೇ ಹೊಲಿದರೂ, ಮುಂದೆ ಬಿಗಿಯಾದರೆ ಬಿಚ್ಚಿಕೊಳ್ಳಲಿ ಎಂದು, ಒಳಗಡೆ ಎರಡು ಬೆರಳು ಬಟ್ಟೆ ಬಿಡದೆ ಇರುವವಳಲ್ಲ. ಕೂಸಿನ ಅಂಗಿಗಾದರೆ ಸರಿ, ಕೂಸು ಬೆಳೆಯುತ್ತದೆ. ಈಕೆ ದಿಂಬಿನ ಚೀಲಕ್ಕೂ ಬಿಡುತ್ತಾಳೆ. "ಇದಕ್ಯಾಕೆ ದೊಡ್ಡಮ್ಮ?" ಎಂದು ಯಾರಾದರೂ ನಕ್ಕರೆ, "ನಾಳೆ ದಿಂಬು ದಪ್ಪ ಆದ್ರೆ ಬಟ್ಟೆ ನೀನು ತಂದ್ಕೊಡ್ತೀಯಾ?" ಎಂದು ಬಾಯಿ ಮುಚ್ಚಿಸುತ್ತಾಳೆ. ತನ್ನ ಬದುಕನ್ನೂ ನೆನೆಯುವುದು ಹೊಲಿಗೆಯ ಲೆಕ್ಕದಲ್ಲೇ. "ಮದುವೇಲಿ ಕಡ್ಡಿ ಹಾಗಿದ್ದೆ ಕಣೇ. ದೊಡ್ಡವನು ಹೊಟ್ಟೇಲಿದ್ದಾಗ ಒಂದು ಹೊಲಿಗೆ ಬಿಚ್ಚಿದೆ. ಅಂಗಡಿ ಇಟ್ಟು, ಕೂತಲ್ಲೇ ಕೂತು, ಇನ್ನೊಂದು ಬಿಚ್ಚಿದೆ. ನಿಮ್ಮ ಮಾವ ತೀರಿಕೊಂಡ ವರ್ಷ ಎರಡನ್ನೂ ವಾಪಸ್ ಹಿಡಿದು ಹೊಲಿದೆ" ಎಂದು ಸೊಸೆಗೆ ಹೇಳುವಾಗ, ಯಾರೋ ಗಿರಾಕಿಯ ಅಳತೆ ಓದುವ ದನಿ. ಮೊನ್ನೆ ಒಂದೇ ಬಟ್ಟೆಯಲ್ಲಿ ತನಗೂ ಸೊಸೆಗೂ ರವಿಕೆ ಹೊಲಿದಳು. ಗುಂಡಿ ಹಚ್ಚಲು ಕೂತ ಸೊಸೆ ಅತ್ತೆಯ ರವಿಕೆಯೊಳಗೆ ಬೆರಳಾಡಿಸಿದಳು. ಅಲ್ಲಿ ಎಳೆಯಷ್ಟೂ ಬಟ್ಟೆ ಬಿಟ್ಟಿರಲಿಲ್ಲ. "ಅತ್ತೆ, ಮರೆತುಬಿಟ್ರಾ?" ದೊಡ್ಡಮ್ಮ ಮಿಷನ್ನಿನಿಂದ ತಲೆ ಎತ್ತಲಿಲ್ಲ. "ಮರೆಯೋದೇನು? ನಂಗೆ ಅಷ್ಟು ಸಾಕು. ನಿಂದ್ರೊಳಗೆ ನಾಲ್ಕು ಬೆರಳು ಬಿಟ್ಟಿದ್ದೀನಿ, ನೋಡ್ಕೋ."