ಲುಡ್ಮಿಲಾ ಬರೆದ ಹೆಸರು

ನಮ್ಮ ನೆಬ್ರಾಸ್ಕಾದ ಸೆನೆಟರ್ ವಿಟ್‌ಕಂಬ್ ಅವರ ಬಳಿ ಆಂಟನ್ ಕ್ರೇಚಿ ಜೀವನವಿಡೀ ಆಪ್ತ ಕಾರ್ಯದರ್ಶಿಯಾಗಿದ್ದರು. ಆಂಟನ್ ಹೆಂಡತಿ ಲುಡ್ಮಿಲಾಗೆ ಸವತಿ ಇರಲಿಲ್ಲ, ಸೆನೆಟರ್ ಇದ್ದರು. ಕ್ರಿಸ್‌ಮಸ್ ಊಟದ ನಡುವೆ ವಾಷಿಂಗ್ಟನ್ನಿನಿಂದ ತಂತಿ ಬಂದರೂ ಆಂಟನ್ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದರು.

ಸೆನೆಟರ್, ಆಂಟನ್ ಇಬ್ಬರೂ ತೀರಿಕೊಂಡ ಮೇಲೆ ಅವರ ಕಾಗದಪತ್ರಗಳೆಲ್ಲ ಪತ್ರಾಗಾರ ಸೇರಿದವು. ಹಳೆಯ ಫೋಟೋಗಳಲ್ಲಿರುವವರನ್ನು ಗುರುತಿಸಲು ಅಲ್ಲಿನ ಮಿಸ್ ಪ್ರಾಕ್ಟರ್ ಲುಡ್ಮಿಲಾರನ್ನು ಕರೆಸಿದರು. ಗುರುತು ಹಿಡಿದವರೇ ಫೋಟೋದ ಹಿಂದೆ ಪೆನ್ಸಿಲ್ಲಿನಲ್ಲಿ ಹೆಸರು ಬರೆಯಬೇಕು; ಹಾಗೆ ಬರೆದದ್ದನ್ನು ಅಲ್ಲಿ ಯಾರೂ ಅಳಿಸುವುದಿಲ್ಲ.

ಮೊದಲ ಫೋಟೋದಲ್ಲಿ ಸೆನೆಟರ್ ಭಾಷಣ ಮಾಡುತ್ತಿದ್ದರು. ಪಕ್ಕದಲ್ಲಿ ಆಂಟನ್, ಸೆನೆಟರರ ಕೋಟು ಹಿಡಿದು ನಿಂತಿದ್ದರು.

“ಇವರು ನಮ್ಮನೆಯವರು. ಆ ಇನ್ನೊಬ್ಬರು ಯಾರೋ ಗೊತ್ತಿಲ್ಲಮ್ಮ,” ಎಂದರು ಲುಡ್ಮಿಲಾ.

“ಸೆನೆಟರ್ ಸಾಹೇಬ್ರು ಅಲ್ವಾ, ಮಿಸೆಸ್ ಕ್ರೇಚಿ? ಹೊರಗಡೆ ಅವರ ಪ್ರತಿಮೆನೇ ಇದೆ.”

“ಗೊತ್ತಿದ್ಮೇಲೆ ನನ್ನನ್ಯಾಕೆ ಕೇಳ್ತೀಯ?”

“ನೀವು ಅವರ ಮನೇಲಿ ಎಷ್ಟೋ ಸಲ ಊಟ ಮಾಡಿರ್ತೀರಿ ಅಂತ.”

“ಮಾಡ್ತಿದ್ದದ್ದು ನಮ್ಮನೆಯವರು. ನಾನು ಸೂಪ್ ಬಿಸಿ ಮಾಡಿ ಮಾಡಿ ಕಾಯ್ತಿದ್ದೆ.”

ಮಿಸ್ ಪ್ರಾಕ್ಟರ್ ನಗಲಿಲ್ಲ. “ಕಾಗದಗಳಲ್ಲೆಲ್ಲ ಸಾಹೇಬರ ಹೆಸರೇ ಇದೆ. ಇಲ್ಲಿ ನಿಮಗೆ ಸರಿಕಂಡ ಹಾಗೆ ಬರೀರಿ,” ಎಂದು ಪೆನ್ಸಿಲ್ ಕೊಟ್ಟರು.

ಲುಡ್ಮಿಲಾ ನಿಧಾನವಾಗಿ, ಅಕ್ಷರ ಒತ್ತಿ ಬರೆದರು: ‘ಆಂಟನ್ ಕ್ರೇಚಿ, ಲುಡ್ಮಿಲಾಳ ಗಂಡ. ಜೊತೆಗಿರುವವರು ಅವರ ಆಫೀಸಿನವರು.’

ಬರೆದು ಮುಗಿಸಿ, “ಇಂಥ ಫೋಟೋ ಇನ್ನೆಷ್ಟಿವೆ?” ಎಂದು ಕೇಳಿದರು.

“ಮೂರು ಪೆಟ್ಟಿಗೆ ಇವೆ.”

“ಎಲ್ಲಾ ತಗೊಂಡ್ಬಾರಮ್ಮ. ಒಂದನ್ನೂ ಬಿಡೋದು ಬೇಡ.”