ಸಿಮೆಂಟಿನೊಳಗೆ ಹೋದ ಸಾಲು

ಚಳ್ಳಕೆರೆಗೂ ಮೊಳಕಾಲ್ಮೂರಿಗೂ ನಡುವೆ ನಮ್ಮೂರಿನ ಸಣ್ಣ ರೈಲ್ವೆ ಸ್ಟೇಷನ್. ಅಲ್ಲಿ ಟಿಕೆಟ್ ಕಿಟಕಿಯ ಪಕ್ಕ ನಿಂತಿರುವ ಕರಿಕಲ್ಲನ್ನು ಕೆತ್ತಿದವನು ನಾನು. ತೊಂಬತ್ತರ ದಶಕದಲ್ಲಿ ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಹಾಕಿದ್ದರ ನೆನಪಿನ ಕಲ್ಲು ಅದು.

ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೆ ನನ್ನ ಉಳಿಯಿಂದ ಬಂದ ಅಕ್ಷರ ಸೊಟ್ಟಗಿದೆ ಎಂದು ಇವತ್ತಿಗೂ ಯಾರೂ ಅಂದಿಲ್ಲ. ಆಗ ಕೆತ್ತನೆ ಕೆಲಸ ಸಿಗದೆ ಹಳಿಯ ಕೆಲಸಕ್ಕೆ ಹೋಗುತ್ತಿದ್ದೆ. ಗ್ಯಾಂಗಿನ ಮೇಸ್ತ್ರಿ ನನ್ನ ಅಕ್ಕನ ಗಂಡ. ಊರಿನ ಹೆಂಗಸರು ಜಲ್ಲಿ ಹೊತ್ತರು, ನಾವು ಹಳಿಯ ಅಡಿಗೆ ಹಾಕುವ ಸ್ಲೀಪರ್ ಎತ್ತಿದೆವು. ಕೆಲಸ ಮುಗಿಯುವ ಹೊತ್ತಿಗೆ ಕಂಟ್ರಾಕ್ಟರನಿಗೆ ಒಂದು ಕಲ್ಲು ಬೇಕಾಯಿತು. ಭಾವ ನನ್ನ ಹತ್ತಿರ ಬಂದ.

"ಕೂಲಿ ಬ್ಯಾಡ ಭಾವ. ಕೊನೇಲಿ ನಮ್ಮೋರ್ದೊಂದು ಸಾಲು ಇರ್ಲಿ, ಸಾಕು" ಅಂದೆ.

"ಅದ್ಕೇನ್ಲೇ, ಹಾಕು. ದೊಡ್ಡೋರು ಮೇಲೆ, ನಾವು ಕೆಳಗೆ. ಬುಡದಾಗೆ ಒಂದು ಮೊಳ ಬಿಡು, ಹೂಳಾಕೆ ಬೇಕು."

ಬುಡದಲ್ಲಿ ಒಂದು ಮೊಳ ಬಿಟ್ಟೇ ಕೆತ್ತಿದೆ: 'ಈ ಹಳಿ ಹಾಸಿದವರು ಈ ಊರಿನ ಕೂಲಿಯವರು.' ಮಂತ್ರಿಗಳ ಸಾಲಿಗಿಂತ ಅದಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ಉದ್ಘಾಟನೆಯ ದಿನ ಬೆಳಿಗ್ಗೆಯೇ ಹೋದೆ. ಕಲ್ಲು ನಿಂತಿತ್ತು, ನಮ್ಮ ಸಾಲು ಇರಲಿಲ್ಲ. ಅಷ್ಟೆತ್ತರಕ್ಕೆ ಸುತ್ತ ಸಿಮೆಂಟ್ ಕಟ್ಟೆ ಬಂದಿತ್ತು. ಆಂಧ್ರದ ಕಡೆಯ ಗಾರೆಯವನು ಇನ್ನೂ ಅದನ್ನು ನುಣುಪು ಮಾಡುತ್ತಿದ್ದ.

"ಏನಯ್ಯಾ, ಅಕ್ಷರದ ಮ್ಯಾಲೇ ಕಟ್ಟೀಯಲ್ಲ!"

"ನಾಕೇಂ ತೆಲುಸು ಅಣ್ಣಾ, ನಂಗೇನ್ ಗೊತ್ತು? ಇಲ್ಲೀಗಂಟ ಬರ್ಲಿ ಅಂತ ನಿಮ್ಮ ಮೇಸ್ತ್ರೀನೇ ಗೀಟು ಹಾಕ್ಕೊಟ್ಟ."

ಇದ್ದಿಲಿನ ಗೀಟು ಕಲ್ಲಿನ ಮೇಲೆ ಇನ್ನೂ ಇತ್ತು. ಸರಿಯಾಗಿ ನಮ್ಮ ಸಾಲಿನ ತಲೆಯ ಮೇಲೆ.

ಭಾವ ಶಾಮಿಯಾನದ ಹಗ್ಗ ಬಿಗಿಯುತ್ತಿದ್ದ. ನನ್ನ ಮುಖ ನೋಡಲಿಲ್ಲ.

"ಕಂಟ್ರಾಕ್ಟರ್‌ಗೆ ಮೊದ್ಲಿಂದ್ಲೂ ಹಿಡಿಸಿರ್ಲಿಲ್ಲ ಕಣೋ. ಮುಂದಿನ ಕೆಲ್ಸಾನೂ ನಂಗೇ ಅಂದವ್ರೆ. ಅಳಿಸಿಲ್ವಲ್ಲ, ಒಳಗೆ ಐತೆ ಬಿಡು."

"ಮೊದ್ಲೇ ಹೇಳ್ಬೇಕಿತ್ತು."

"ಹೇಳಿದ್ರೆ ನೀನು ಕೆತ್ತುತಿದ್ಯಾ?"

ಅಷ್ಟರಲ್ಲಿ ಗ್ಯಾಂಗಿನ ಹೆಂಗಸರು ಒಗೆದ ಸೀರೆ ಉಟ್ಟು ಬಂದರು. ಸಾಲಿನ ವಿಷಯವನ್ನು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನೇ. ಮುಂದೆ ನಮ್ಮ ದೊಡ್ಡವ್ವ. ಸ್ಲೀಪರ್ ಬಿದ್ದು ಕಾಲಿನ ಎರಡು ಬೆರಳು ಕಳೆದುಕೊಂಡವಳು. ಕೈಯಲ್ಲಿ ಕುಂಕುಮದ ಪೊಟ್ಟಣ. ಕಲ್ಲು ಯಾವುದಾದರೂ ಸರಿ, ನಿಲ್ಲಿಸಿದ ಮೇಲೆ ಅದನ್ನು ಬೋಳುಹಣೆಯಲ್ಲಿ ಬಿಡುವವಳಲ್ಲ ಅವಳು.

"ಎಲ್ಲೈತಪ್ಪಾ ನಮ್ದು? ಓದು, ಕೇಳಾನ."

ಅವರಲ್ಲಿ ಯಾರಿಗೂ ಓದು ಬರುತ್ತಿರಲಿಲ್ಲ. ಭಾವ ಹಗ್ಗ ಬಿಟ್ಟು ನನ್ನನ್ನೇ ನೋಡುತ್ತಿದ್ದ. ಕಾಣುತ್ತಿದ್ದ ಕೊನೆಯ ಸಾಲಿನ ಮೇಲೆ ಬೆರಳಿಟ್ಟೆ. ಬೆರಳನ್ನು ನಿಧಾನವಾಗಿ ಸರಿಸುತ್ತಾ, "ಈ ಹಳಿ ಹಾಸಿದವರು ಈ ಊರಿನ ಕೂಲಿಯವರು" ಎಂದು ಓದಿದೆ. ಬೆರಳ ಕೆಳಗಿದ್ದದ್ದು ಕಂಟ್ರಾಕ್ಟರನ ಹೆಸರು.

ದೊಡ್ಡವ್ವ ಆ ಹೆಸರಿನ ಉದ್ದಕ್ಕೂ ಕುಂಕುಮ ಹಚ್ಚಿ ಕೈಮುಗಿದಳು. "ಚೆಂದಾಗಿ ಕೆತ್ತೀಯ ಕಣಪ್ಪಾ" ಅಂದಳು.

ಭಾವನ ಮನೆಯ ಮೆಟ್ಟಿಲನ್ನು ನಾನು ಮತ್ತೆ ಹತ್ತಲಿಲ್ಲ, ಅಕ್ಕ ಅತ್ತು ಕರೆದರೂ. ದೊಡ್ಡವ್ವ ಮಾತ್ರ ಇರುವತನಕ, ರೈಲಿಗೆ ಬಂದಾಗಲೆಲ್ಲ ಆ ಹೆಸರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನಾನೂ ಅಲ್ಲಿದ್ದರೆ ಟಿಕೆಟ್ ಕಿಟಕಿಯ ಕಡೆ ಮುಖ ತಿರುಗಿಸಿ, ಚಿಲ್ಲರೆ ಹುಡುಕುವವನಂತೆ ಜೇಬು ತಡಕುತ್ತಿದ್ದೆ.